ಅಪ್ಪನ ಹೆಸರಿದ್ದ ಶೇರು ಪತ್ರ

ನನ್ನ ಅಪ್ಪನಿಗೆ ದುರಾಸೆ ಎಂದು ಹೇಳಿದವರನ್ನೆಲ್ಲ ನಾನು ಬಲ್ಲೆ. ಎಲ್ಲರೂ ಜಮ್ಮಾ ಭೂಮಿಯ, ಎಂದರೆ ತಲೆತಲಾಂತರದಿಂದ ಬಂದ, ಮಾರಲಾಗದ ಮನೆತನದ ನೆಲದ ಮೇಲೆ ಹುಟ್ಟಿ, ಅದರ ಅನ್ನ ಉಂಡು, ಅದರ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ತಿರುಗಿದವರು. ಹೊಟ್ಟೆ ತುಂಬಿದವರಿಗೆ ಉಪದೇಶ ಸುಲಭ. 'ಆಸೆಯೇ ದುಃಖಕ್ಕೆ ಮೂಲ' ಎಂದು ವೀಳ್ಯ ಮೆಲ್ಲುತ್ತಾ ಹೇಳುತ್ತಿದ್ದರು. ಏನು ಆಸೆ, ಯಾವುದರ ಆಸೆ ಎಂದು ಒಬ್ಬರಾದರೂ ಕೇಳಿದರೇ? ಕೇಳಲಿಲ್ಲ. ಇಷ್ಟು ವರ್ಷ ಕಳೆದರೂ ನನಗೆ ಆ ಸಿಟ್ಟು ಹೋಗಿಲ್ಲ, ಹೋಗಬೇಕೆಂದು ನಾನು ಬಯಸಿಯೂ ಇಲ್ಲ.

ಸಂಪಾಜೆಯಿಂದ ಸ್ವಲ್ಪ ಮೇಲೆ, ಮಡಿಕೇರಿಗೆ ಹೋಗುವ ರಸ್ತೆಯಿಂದ ಒಳಗೆ ನಮ್ಮ ಮನೆ. 'ನಮ್ಮ ಮನೆ' ಎಂದು ಬರೆದೆ, ಆದರೆ ಅದು ಅವ್ವನ ತವರುಮನೆ. ನಮ್ಮದು ಅರೆಭಾಷೆ ಮಾತಾಡುವ ಗೌಡರ ಕುಟುಂಬ. ಅವ್ವ ಹಿರಿಯ ಮಗಳು, ಅವಳ ತಮ್ಮ ಆಗಿನ್ನೂ ಅಂಗಳದಲ್ಲಿ ಗೋಲಿ ಆಡುವ ವಯಸ್ಸಿನವನು. ಅಜ್ಜನಿಗೆ ಸೊಂಟನೋವು, ಗದ್ದೆಗೆ ಇಳಿಯುವವರಿಲ್ಲ. ಹಾಗಾಗಿ ಭಾಗಮಂಡಲದ ಕಡೆಯ, ಅಣ್ಣತಮ್ಮಂದಿರು ತುಂಬಿದ್ದ ಒಂದು ಬಡ ಮನೆಯಿಂದ ನನ್ನ ಅಪ್ಪನನ್ನು ಮನೆ ಅಳಿಯನಾಗಿ ತಂದರು. 'ತಂದರು' ಎಂಬ ಮಾತೇ ಸರಿ. ಸಂತೆಯಿಂದ ಜೋಡಿ ಎತ್ತು ತಂದ ಹಾಗೆ. ಹುಟ್ಟುವ ಮಕ್ಕಳು ಅವ್ವನ ಮನೆ ಹೆಸರಿಗೇ ಸೇರಬೇಕು ಎಂಬ ಕರಾರು ಮದುವೆಗೆ ಮೊದಲೇ ಆಗಿತ್ತು. ಹಾಗಾಗಿ ಶಾಲೆಯ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಇರುವುದು ಅಜ್ಜನ ಮನೆಯ ಹೆಸರು. ಅಪ್ಪನ ಮನೆಯ ಹೆಸರು ನನಗೆ ಅಂಟಲೇ ಇಲ್ಲ.

ಅಪ್ಪ ಬಂದ ಮೇಲೆ ಆ ಜಾಗಕ್ಕೆ ಜೀವ ಬಂತು. ಹಾಳುಬಿದ್ದ ಗದ್ದೆ ಎಬ್ಬಿಸಿದ, ಗುಡ್ಡದ ಬದಿಗೆ ಕಾಫಿ ಇಟ್ಟ, ಹರಿಯುವ ತೋಡಿನ ಪಕ್ಕ ಏಲಕ್ಕಿ ಬೆಳೆಸಿದ. ಅಜ್ಜ ತೀರಿಕೊಂಡಾಗ ಗೋಲಿ ಆಡುತ್ತಿದ್ದ ಹುಡುಗ ಮೀಸೆ ಹೊತ್ತ ಗಂಡಸಾಗಿದ್ದ. ಜಮ್ಮಾ ಭೂಮಿ ಅವನ ಹೆಸರಿಗೆ ಬಂತು, ಮನೆಯ ಯಜಮಾನಿಕೆ ಬಂತು, ಜಗಲಿಯ ನಡುವಿನ ಒರಗು ಪೀಠ ಬಂತು. ಅವನು ನನಗೆ ಮಾವ. ಅಪ್ಪ ಜಗಲಿಯ ಅಂಚಿನಲ್ಲಿ, ಕಾಲು ಅಂಗಳಕ್ಕೆ ಇಳಿಬಿಟ್ಟು ಕೂರುತ್ತಿದ್ದ. ಬೇರೆ ಕಡೆ ಕೂರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೇ ಇಲ್ಲದಂತೆ ನಮ್ಮ ಜನ ಇಂಥವನ್ನು ಏರ್ಪಾಡು ಮಾಡಿಟ್ಟಿರುತ್ತಾರೆ.

ಊರಿನವರು ಅವನನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಇಂಥವರ ಮನೆಯ ಅಳಿಯ ಎನ್ನುತ್ತಿದ್ದರು. ಮಾವ 'ಬಾವ' ಎನ್ನುತ್ತಿದ್ದ, ನಾವು 'ಅಪ್ಪ', ಆಳುಗಳು 'ಗೌಡ್ರೇ'. ಅವ್ವನಂತೂ ಗಂಡನ ಹೆಸರು ಹೇಳುವವಳಲ್ಲ.

ವರ್ಷಕ್ಕೊಮ್ಮೆ ನಮ್ಮಲ್ಲಿ ಕಾರಣರಿಗೆ, ಎಂದರೆ ಮನೆಯ ಸತ್ತ ಹಿರಿಯರಿಗೆ, ನಡುಮನೆಯ ದೀಪದ ಮುಂದೆ ಬಾಳೆಲೆ ಹಾಕಿ ಎಡೆ ಇಡುತ್ತಾರೆ. ಯಜಮಾನ ಒಂದೊಂದು ಎಲೆಯ ಮುಂದೆ ನಿಂತು ಒಬ್ಬೊಬ್ಬರ ಹೆಸರು ಕರೆಯುತ್ತಾನೆ. ಆ ಎಲೆಗಳನ್ನು ಕೊಯ್ದು ತೊಳೆದು ಒರೆಸುತ್ತಿದ್ದವನು ಅಪ್ಪ. ನಾನು ಚಿಕ್ಕವಳಿದ್ದಾಗ ಒಮ್ಮೆ, ನೀನು ಸತ್ತ ಮೇಲೆ ನಿನಗೂ ಎಲೆ ಹಾಕ್ತಾರಾ ಎಂದು ಕೇಳಿದೆ. ಬೇರೆ ಮನೆಯಿಂದ ಬಂದವನಿಗೆ ಇಲ್ಲಿ ಎಲೆ ಇಲ್ಲ, ಮನೆ ಬಿಟ್ಟು ಬಂದವನಿಗೆ ಅಲ್ಲಿಯೂ ಇಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಅಪ್ಪ ಎಲೆಯ ನೀರು ಕೊಡವಿ, "ಬಾಳೆಗೆ ಬರ ಇಲ್ಲೆ ಮಗಾ" ಎಂದ. ನಾನು ಅದನ್ನೇ ಉತ್ತರ ಎಂದುಕೊಂಡು ಆಡಲು ಓಡಿದೆ.

ಆ ಮನೆಯಲ್ಲಿ ಅಪ್ಪನದು ಎಂದು ಇದ್ದದ್ದು ಜೇನುಪೆಟ್ಟಿಗೆಗಳು ಮಾತ್ರ. ಭತ್ತ, ಕಾಫಿ, ಏಲಕ್ಕಿ, ಕಡೆಗೆ ಹಿತ್ತಲಿನ ಸೌತೆಕಾಯಿಯೂ ಮನೆಯದು. ಜೇನು ಮಾತ್ರ ಕಾಡಿನದು, ಅದಕ್ಕೆ ಯಾರ ಗಡಿಯೂ ಇಲ್ಲ, ಯಾವ ಹಕ್ಕುಪತ್ರವೂ ಇಲ್ಲ. ಅಜ್ಜ ಬದುಕಿದ್ದಾಗಲೇ 'ಅದು ನಿನಗೇ ಇರಲಿ' ಎಂದಿದ್ದನಂತೆ. ಕಾಫಿ ಹೂ ಬಿಟ್ಟು ಮಳೆ ಹಿಡಿಯುವ ಮೊದಲು ಅಪ್ಪ ಜೇನುತುಪ್ಪ ಇಳಿಸುತ್ತಿದ್ದ. ಅದನ್ನು ಮಾರಿದ ಹಣ ಅವನ ಕೈಯಲ್ಲಿ ಉಳಿಯುತ್ತಿತ್ತು. ಅಷ್ಟಕ್ಕೂ ಮಾವ ಜನರ ಮುಂದೆ, ನಮ್ಮ ಬಾವನದ್ದು ಸಿಹಿ ವ್ಯಾಪಾರ ಎಂದು ನಗುತ್ತಿದ್ದ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯಲ್ಲೇ ಮುಗಿಯುತ್ತಿದ್ದ ಕೆಲಸಗಳು ಬೆಂಗಳೂರಿಗೆ ಹೋಗತೊಡಗಿದ್ದವು. ಅಂಗಡಿಯಲ್ಲಿ ಆಣೆಯೋ ನಯಾ ಪೈಸೆಯೋ ಎಂದು ಜಗಳ. ಎಲ್ಲರ ಬಾಯಲ್ಲೂ ಕಾರ್ಖಾನೆ, ಯೋಜನೆ, ಪ್ರಗತಿ. ಆಗ ಕರಾವಳಿಯ ಕಡೆಯಿಂದ ಒಬ್ಬ ಏಜೆಂಟ್ ಚರ್ಮದ ಚೀಲ ಹಿಡಿದು ಬಸ್ಸಿಳಿದ. ಅಲ್ಲೊಂದು ಪ್ಲೈವುಡ್ ಕಾರ್ಖಾನೆ ಏಳಲಿದೆ, ಅದರ ಶೇರು ಮಾರುತ್ತಿದ್ದೇನೆ ಎಂದ. ಮಾವ ಅವನನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ನಮಗೆ ಕಾಗದ ಬೇಡ ಎಂದು ಕಳಿಸಿದ. ಅಪ್ಪ ಅವನ ಹಿಂದೆಯೇ ಅಂಗಳ ದಾಟಿ ಹೋದ. ಜೇನುಪೆಟ್ಟಿಗೆಗಳ ಹತ್ತಿರ ಇಬ್ಬರೂ ನಿಂತು ಮಾತಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ.

"ಶೇರು ಅಂದ್ರೆ ಪಾಲು, ಗೌಡ್ರೇ" ಎಂದ ಏಜೆಂಟ್. "ಒಂದು ಶೇರು ತೆಗೊಂಡ್ರೂ ನೀವು ಕಂಪೆನಿಯ ಪಾಲುದಾರರು. ನಿಮ್ಮ ಹೆಸರು ಅಚ್ಚುಕಟ್ಟಾಗಿ ಬರ್ದು, ಮೊಹರು ಒತ್ತಿ ಪತ್ರ ಕಳಿಸ್ತಾರೆ."

"ನನ್ನ ಹೆಸ್ರ್‌ಲಿಯಾ?"

"ಮತ್ತೆ ಯಾರದ್ದು ಮಾರಾಯ್ರೇ? ದುಡ್ಡು ನಿಮ್ಮದಲ್ವಾ?"

ಲಾಭ ಎಷ್ಟು, ಯಾವಾಗ ಬರುತ್ತದೆ, ಕಾರ್ಖಾನೆ ಮುಳುಗಿದರೆ ಏನು ಗತಿ, ಒಂದನ್ನೂ ಅಪ್ಪ ಕೇಳಲಿಲ್ಲ. ಏಜೆಂಟ್ ಅರ್ಜಿ ತೆಗೆದು ಹೆಸರು ಕೇಳಿದ. ಅಪ್ಪ ಮೊದಲು ತಾನು ಹುಟ್ಟಿದ ಮನೆಯ ಹೆಸರು ಹೇಳಿದ, ಆಮೇಲೆ ತನ್ನ ಅಪ್ಪನ ಹೆಸರು, ಆಮೇಲೆ ತನ್ನದು. ಮೂರನ್ನೂ ಒಟ್ಟಿಗೆ ನಾನು ಕೇಳಿದ್ದು ಅದೇ ಮೊದಲು. ಯಾರೋ ದೊಡ್ಡ ಮನುಷ್ಯನ ಹೆಸರಿನ ಹಾಗೆ ಕೇಳಿಸಿತು. ಆ ವರ್ಷದ ಜೇನಿನ ಹಣ, ಹಿಂದಿನ ವರ್ಷಗಳಲ್ಲಿ ಉಳಿಸಿದ್ದು, ಎಲ್ಲ ಕಂತುಕಂತಾಗಿ ಆ ಕಂಪೆನಿಗೆ ಹೋಯಿತು.

ಪತ್ರ ಬಂದದ್ದು ಮಳೆಗಾಲ ಮುಗಿದ ಮೇಲೆ. ದಪ್ಪ ಕಾಗದ, ಸುತ್ತಲೂ ಹಸಿರು ಬಳ್ಳಿಯ ಚಿತ್ತಾರ, ಕೆಳಗೆ ಮೊಹರು. ನಡುವೆ ಇಂಗ್ಲಿಷಿನಲ್ಲಿ ಅಪ್ಪನ ಹೆಸರು. ಅವನಿಗೆ ಇಂಗ್ಲಿಷ್ ಬಾರದು. ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ, ಹಾಗಾಗಿ ಓದುವುದು ನನ್ನ ಕೆಲಸವಾಯಿತು. ಅಪ್ಪ ಹುಟ್ಟಿದ ಮನೆಯ ಹೆಸರು, ಅವನ ಅಪ್ಪನ ಹೆಸರು, ಅವನ ಹೆಸರು.

"ಇನ್ನೊಂದ್ ಸಲ ಓದ್ ಮಗಾ" ಎಂದ.

ಓದಿದೆ. ಮರುದಿನವೂ ಓದಿಸಿದ. ಶಾಲೆಯಿಂದ ಬಂದು ಹಸಿವಿನಲ್ಲಿ ಗಂಜಿ ಉಣ್ಣುತ್ತಿದ್ದರೂ ಓದಿಸಿದ. ನನಗೆ ರೇಗಿ, ಅದೇ ಹೆಸರು ಅಪ್ಪ, ನಿನ್ನೆ ಇದ್ದದ್ದೇ ಎಂದು ಗದರಿದ್ದೂ ಉಂಟು. ಅವನು ನಗುತ್ತಿದ್ದ, ಕೋಪ ಮಾಡಿಕೊಂಡವನಲ್ಲ.

ಮೊದಲ ಡಿವಿಡೆಂಡ್ ಬಂದಾಗ ನನ್ನನ್ನೂ ಮಡಿಕೇರಿಗೆ ಕರೆದುಕೊಂಡು ಹೋದ. ಬ್ಯಾಂಕಿನ ಗುಮಾಸ್ತ ಕಿಟಕಿಯಿಂದ ಅವನ ಪೂರ್ತಿ ಹೆಸರು ಕೂಗಿದ. ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿದ್ದ ಅಪ್ಪ ಅಲ್ಲಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ನಾನು ಅವನ ತೋಳು ಹಿಡಿದೆಳೆದೆ.

"ಇರ್ ಮಗಾ" ಎಂದ ಮೆಲ್ಲಗೆ. "ಇನ್ನೊಂದ್ ಸಲ ಕರೀಲಿ."

ಗುಮಾಸ್ತ ಇನ್ನಷ್ಟು ಜೋರಾಗಿ ಕೂಗಿದ. ಬ್ಯಾಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಗ ಅಪ್ಪ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ನಡುವೆ ದಾರಿ ಮಾಡಿಕೊಂಡು ಕಿಟಕಿಯ ಹತ್ತಿರ ಹೋದ. ದುರಾಸೆ ಎಂದವರು ಅಂದು ಆ ಬೆಂಚಿನ ಮೇಲೆ ಕೂತಿರಬೇಕಿತ್ತು. ಅಲ್ಲಿ ಸಿಕ್ಕಿದ ಹಣಕ್ಕೆ ಬಸ್ ಚಾರ್ಜು ಕಳೆದರೆ ಉಳಿದದ್ದು ಅಷ್ಟರಲ್ಲೇ ಇತ್ತು. ಅದನ್ನು ಅವನು ಎಣಿಸಲೂ ಇಲ್ಲ.

ಮುಂದಿನ ವರ್ಷ ಕಂಪೆನಿಯ ಸಭೆಗೆ ಕರೆ ಬಂದಾಗ ಮದುವೆಯ ಕೋಟು ಹಾಕಿಕೊಂಡು ಘಟ್ಟ ಇಳಿದು ಹೋದ. ಬಾಗಿಲಲ್ಲಿ ಹೆಸರು ಕೇಳಿ ಒಳಗೆ ಬಿಟ್ಟರಂತೆ, ಕುರ್ಚಿ ಕೊಟ್ಟರಂತೆ, ಎಲ್ಲರಿಗೂ ಒಂದೇ ತರದ ಕುರ್ಚಿಯಂತೆ. ಲಾಭನಷ್ಟದ ಮಾತು ಏನಾಯಿತು ಎಂದು ಅವ್ವ ಕೇಳಿದರೆ ಅದೊಂದೂ ಅವನ ನೆನಪಿನಲ್ಲಿರಲಿಲ್ಲ. ಕುರ್ಚಿಯ ವಿಷಯವನ್ನೇ ಎರಡು ದಿನ ಹೇಳಿದ. ಆಮೇಲೆ ಡಿವಿಡೆಂಡಿನ ಹಣಕ್ಕೆ ಜೇನಿನದನ್ನೂ ಸೇರಿಸಿ ಒಂದು ಬೆತ್ತದ ಕುರ್ಚಿ ತಂದು ಜಗಲಿಯಲ್ಲಿ ಇಟ್ಟ.

ಅಂದು ನೆಂಟರು ಬಂದಿದ್ದರು. ಮಾವ ಒರಗು ಪೀಠದಿಂದ ಕುರ್ಚಿಯನ್ನು ಮೇಲಿಂದ ಕೆಳಗೆ ನೋಡಿ, "ಬಾವ, ಇಲ್ಲಿ ದಾರಿಗೆ ಅಡ್ಡ ಆದೆ" ಎಂದ. ದಾರಿಗೆ ಅಡ್ಡ! ಆ ಜಗಲಿಯಲ್ಲಿ ಎತ್ತಿನ ಗಾಡಿ ತಿರುಗಿಸಬಹುದಿತ್ತು. ಅಪ್ಪ ಕುರ್ಚಿ ಎತ್ತಿಕೊಂಡು ಹೋಗಿ ಜೇನುಪೆಟ್ಟಿಗೆಗಳ ಪಕ್ಕ, ಹಲಸಿನ ಮರದ ಕೆಳಗೆ ಇಟ್ಟ. ಅಂದಿನಿಂದ ಸಂಜೆ ಅಲ್ಲೇ ಕೂರುತ್ತಿದ್ದ.

ಆದರೆ ಮಾವ ಅಷ್ಟಕ್ಕೇ ಬಿಡಲಿಲ್ಲ. ನೆಂಟರಿಗೆ ಕೇಳುವ ಹಾಗೆ ಅಂಗಳಕ್ಕೆ ಕೂಗಿ ಹೇಳಿದ. "ಅದ್ ಆಸ್ತಿ ಅಲ್ಲ ಬಾವ, ಕಾಗ್ದ. ನಾಳೆ ನಾಲ್ಕ್ ಕಾಸ್ ಹೆಚ್ಚಿಗೆ ಸಿಕ್ಕಿರೆ ಮಾರುದೇ ಅಲಾ? ಜಮ್ಮಾ ಜಾಗೆನ ಮಾರಿಕೆ ಉಟ್ಟಾ? ಮನೆ ಹೆಸ್ರ್ ಇರ್ದರ ಮಾರುವವ ಮನೆಯವನೇ ಅಲ್ಲ."

ನೆಂಟರು ನಕ್ಕರು. ಅಪ್ಪ ನಗಲಿಲ್ಲ. ಆ ಮಾತು ಮುಳ್ಳಿನ ಹಾಗೆ ಅವನೊಳಗೆ ಮುರಿದು ಉಳಿಯಿತು. ಅದು ಎಂಥ ಕೀವು ಕಟ್ಟಿತು ಎಂಬುದು ಮುಂದೆ ಗೊತ್ತಾಯಿತು.

ಕೆಲವು ವರ್ಷ ಕಳೆದು ಏಜೆಂಟ್ ಮತ್ತೆ ಬಂದ. ಈ ಸಲ ಮಾರಲು ಬಂದಿರಲಿಲ್ಲ. ದೊಡ್ಡ ಕಂಪೆನಿಯೊಂದು ಈ ಕಾರ್ಖಾನೆಯ ಶೇರುಗಳನ್ನು ಕೊಳ್ಳುತ್ತಿದೆ, ಕೊಟ್ಟದ್ದರ ಮೂರು ಪಟ್ಟು ಸಿಗುತ್ತದೆ ಎಂದ. ಒಳ್ಳೆಯ ಮನುಷ್ಯ, ಅವನ ಮೇಲೆ ನನಗೆ ಸಿಟ್ಟಿಲ್ಲ.

"ಈಗ ಮಾರಿ ಗೌಡ್ರೇ" ಎಂದ. "ಹೊಳೆ ಏರಿದ್ದು ಇಳೀದೇ ಇರ್ತದಾ? ಮರದ ಕಂಟ್ರಾಕ್ಟಿನ ತಕರಾರು ಶುರುವಾಗಿದೆ ಅಂತ ಸುದ್ದಿ ಉಂಟು."

ಆಗ ನಮ್ಮ ಕೆಳಗಿನ ರಸ್ತೆಯ ಬದಿಯಲ್ಲೇ ಒಂದು ತುಂಡು ಜಾಗ ಮಾರಾಟಕ್ಕಿತ್ತು. ಜಮ್ಮಾ ಅಲ್ಲ, ಯಾರು ಬೇಕಾದರೂ ಕೊಳ್ಳಬಹುದಾದ ಜಾಗ. ಶೇರು ಮಾರಿದ ಹಣಕ್ಕೆ ಅದು ಬರುತ್ತಿತ್ತು, ಮೇಲೊಂದು ಹಂಚಿನ ಮನೆಯೂ ಏಳುತ್ತಿತ್ತು. ಅವ್ವ ಮೂರು ಸಂಜೆ ನನ್ನನ್ನು ಕರೆದುಕೊಂಡು ಹೋಗಿ ಆ ಜಾಗ ನೋಡಿ ಬಂದಳು. ಇಲ್ಲಿ ಒಲೆ, ಇಲ್ಲಿ ಬಚ್ಚಲು, ಅಲ್ಲಿ ನಿನ್ನಪ್ಪನ ಪೆಟ್ಟಿಗೆ ಎಂದು ಕಾಲಿನಿಂದ ಗೆರೆ ಎಳೆದಳು. ತನ್ನ ತವರಿನಲ್ಲೇ ಇದ್ದ ಹೆಂಗಸಿಗೆ ಸ್ವಂತ ಒಲೆಯ ಆಸೆ ಅಷ್ಟಿತ್ತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಮ್ಮನೇ ತನ್ನ ಗಂಡನನ್ನು ನೋಡಿ ನಗುವಾಗ ಅವಳು ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳಲ್ಲ!

ಅಪ್ಪ ಒಪ್ಪಲಿಲ್ಲ.

"ಮನೆ ಹೆಸ್ರ್ ಇರ್ದರ ಮಾರಿಕೆ ಉಟ್ಟಾ?" ಎಂದ. ಮನೆ ಹೆಸರಿರುವುದನ್ನು ಮಾರಬಾರದು ಎಂಬ ಮಾವನ ಅದೇ ಮಾತು.

ಅವ್ವ ಬೇಡಿದಳು, ನಾನು ಜಗಳ ಆಡಿದೆ. ಅದು ಗದ್ದೆಯಲ್ಲ ಅಪ್ಪ, ಜಮ್ಮಾ ಅಲ್ಲ, ಮಾರುವುದಕ್ಕೆಂದೇ ಇರುವ ಕಾಗದ, ಅದನ್ನು ಕೊಟ್ಟರೆ ನಿನ್ನದೇ ಹೆಸರಿನಲ್ಲಿ ನೆಲ ಬರುತ್ತದೆ, ಮನೆ ಬರುತ್ತದೆ ಎಂದು ಕೂಗಿದೆ. ಅವನು ಕುರ್ಚಿಯಲ್ಲಿ ಕೂತು ಜೇನುಪೆಟ್ಟಿಗೆಯನ್ನೇ ನೋಡುತ್ತಿದ್ದ. ಕೊಡಗಿನ ನಮ್ಮಂಥವರಲ್ಲದೆ ಇನ್ಯಾರು ಈ ತಪ್ಪು ಮಾಡಿಯಾರು? ಸಂತೆಯ ಮಾಲನ್ನು ಪಿತ್ರಾರ್ಜಿತ ಎಂದು ತಿಳಿದು, ಬೆಲೆ ಬಂದಾಗ ಮಾರುವುದನ್ನು ಮಾನ ಮಾರಿದಂತೆ ಎಣಿಸಿ ಕೂತ. ಜಮ್ಮಾ ಇದ್ದವರು ಹೇಗೆ ನಡೆದುಕೊಳ್ಳುತ್ತಾರೋ ಹಾಗೆ ನಡೆದುಕೊಂಡರೆ ತಾನೂ ಜಮ್ಮಾದವನಾಗುತ್ತೇನೆ ಎಂದುಕೊಂಡ. ಅದನ್ನು ಕಲಿಸಿದವನು ಯಾರು? ಒರಗು ಪೀಠದ ಮೇಲೆ ಕೂತವನು. ಅವನ ಒಂದು ಕುಹಕದ ಮಾತನ್ನು ಈ ಮುಗ್ಧ ಮನುಷ್ಯ ಶಾಸ್ತ್ರವೆಂದು ನಂಬಿದ. ಅಪ್ಪನ ಮೇಲೂ ನನಗೆ ಸಿಟ್ಟಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಅವ್ವ ಎಳೆದ ಆ ಗೆರೆಗಳು ಒಂದು ಮಳೆಗೆ ಅಳಿಸಿಹೋದವು, ಜಾಗ ಬೇರೆಯವರ ಪಾಲಾಯಿತು.

ಹಣವಂತರಾಗಬೇಕೆಂದು ಹೊರಟವರ ಕತೆಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಅವರಲ್ಲಿ ಹಣ ಮಾತ್ರ ಬೇಕಾಗಿದ್ದವರು ಎಷ್ಟು ಮಂದಿ ಎಂದು ನನಗೆ ಅನುಮಾನ. ಒಬ್ಬನಿಗೆ ಅಪ್ಪನೆದುರು ತಲೆಯೆತ್ತಿ ನಿಲ್ಲಬೇಕು, ಒಬ್ಬಳಿಗೆ ಅತ್ತೆಯ ಬಾಯಿ ಮುಚ್ಚಿಸಬೇಕು. ನನ್ನ ಅಪ್ಪನಿಗೆ ಕೂರಲು ಒಂದು ಕಡೆ ಬೇಕಿತ್ತು, ಕರೆಯಲು ಒಂದು ಹೆಸರು ಬೇಕಿತ್ತು. ಎರಡನ್ನೂ ಒಂದು ಕಾಸು ಖರ್ಚಿಲ್ಲದೆ ಮನೆಯವರು ಕೊಡಬಹುದಿತ್ತು. ಕೊಡಲಿಲ್ಲ, ಅದಕ್ಕೇ ಅವನು ದುಡ್ಡು ಕೊಟ್ಟು ಕೊಂಡ.

ಏಜೆಂಟ್ ಹೇಳಿದ ಹಾಗೆಯೇ ಆಯಿತು. ಮರದ ತಕರಾರು, ಆಮೇಲೆ ಸಾಲ, ಆಮೇಲೆ ಕಾರ್ಖಾನೆಗೆ ಬೀಗ. ಕಂಪೆನಿ ಮುಚ್ಚಿದೆ, ಶೇರುದಾರರಿಗೆ ಕೊಡಲು ಏನೂ ಉಳಿದಿಲ್ಲ ಎಂದು ಕಡೆಯ ಕಾಗದ ಬಂತು. ಮಾವ, ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂದು ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದ. ದುರಾಸೆ ಎಂಬ ಮಾತು ಹುಟ್ಟಿದ್ದು ಆಗ. ನಾನು ಆ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಹಣದ ಮಾತೆತ್ತಲಿಲ್ಲ. ತನ್ನ ಬಟ್ಟೆಯ ಪೆಟ್ಟಿಗೆಯಿಂದ ಹಸಿರು ಬಳ್ಳಿಯ ಪತ್ರ ತೆಗೆದು ನನ್ನ ಕೈಗೆ ಕೊಟ್ಟ.

"ಇದ್‌ರ್‌ಲಿ ನನ್ನ ಹೆಸ್ರ್ ಉಟ್ಟಾ, ಇಲ್ಲೆನಾ?"

"ಉಟ್ಟು ಅಪ್ಪ."

"ಅದರ ಅಳಿಸಿಕೆ ಅವ್ಕೆ ಅಧಿಕಾರ ಉಟ್ಟಾ?"

"ಇಲ್ಲೆ ಅಪ್ಪ."

ಹಾಗಾದರೆ ಸರಿ ಎಂಬಂತೆ ತಲೆಯಾಡಿಸಿ, ಪತ್ರವನ್ನು ಮಡಿಚದೆ ಹಾಗೆಯೇ ಪೆಟ್ಟಿಗೆಯಲ್ಲಿಟ್ಟ.

ಅದಾಗಿ ಎರಡು ಮಳೆಗಾಲ ಬದುಕಿದ್ದ. ಜ್ವರ ಬಂದು ಮಲಗಿದವನು ಏಳಲಿಲ್ಲ. ಆ ವರ್ಷ ಕಾರಣರಿಗೆ ಎಡೆ ಇಡುವ ದಿನ ಎಲೆ ಕೊಯ್ಯಲು ಜನ ಇರಲಿಲ್ಲ, ನಾನೇ ಕೊಯ್ದು ತಂದೆ. ಸಂಜೆ ದೀಪ ಹಚ್ಚಿದರು. ಮಾವ ವಾಡಿಕೆಯಂತೆ ಸಾಲಾಗಿ ಎಲೆ ಹಾಕಿಸಿ ಹೆಸರು ಕರೆಯತೊಡಗಿದ. ಕಡೆಯ ಹೆಸರು ಅಜ್ಜನದು. ಅದು ಮುಗಿಯಿತು ಎನ್ನುವಾಗ ಅವ್ವ ಒಳಗಿನಿಂದ ಇನ್ನೊಂದು ಎಲೆ ತಂದು, ಆ ಸಾಲಿನ ಕೊನೆಗೆ ಹಾಕಿ ಅನ್ನ ಬಡಿಸಿದಳು.

"ಇದ್ ಯಾರಿಗೆ ಅಕ್ಕ?" ಎಂದ ಮಾವ.

ಅವ್ವ ಸಾರು ಬಡಿಸಿದಳು.

"ಹೊರಗಿನವ್ಕೆ ಇಲ್ಲಿ ಎಲೆ ಹಾಕುವ ಕ್ರಮ ಇಲ್ಲೆ."

"ಅವ್ಕೆ ನಾ ಇಷ್ಟ್ ವರ್ಷ ಬಡ್ಸಿದೆ" ಎಂದಳು ಅವ್ವ, ತಲೆ ಎತ್ತದೆ. "ಇಂದ್ ಯಾರ ಕೇಳಿ ಬಡ್ಸಿಕು?"

ಮಾವನ ಮುಖ ಕೆಂಪಾಯಿತು. ಹೆಸರು ಕರೆಯದೆ ಎಡೆ ಸಲ್ಲುವುದಿಲ್ಲ, ತಾನು ಕರೆಯುವುದಿಲ್ಲ, ಬೇಕಾದರೆ ನೀನೇ ಕರೆ ಎಂದ. ಗಂಡನ ಹೆಸರನ್ನು ಅವಳು ಬಾಯಿಂದ ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ. ಆ ಕ್ಷಣ ಅವನನ್ನು ನೋಡಿದಾಗ ನನಗೆ ಬಂದ ಸಿಟ್ಟು ಜನ್ಮದಲ್ಲಿ ಮತ್ತೆ ಬಂದಿಲ್ಲ. ಅವ್ವ ನನ್ನ ಕಡೆ ತಿರುಗಿದಳು.

"ನೀ ಓದ್ ಮಗಾ."

ನಾನು ಹೋಗಿ ಪೆಟ್ಟಿಗೆಯಿಂದ ಪತ್ರ ತಂದೆ. ದೀಪದ ಮುಂದೆ ಹಿಡಿದು, ಬ್ಯಾಂಕಿನ ಗುಮಾಸ್ತನಿಗಿಂತ ಜೋರಾಗಿ ಓದಿದೆ. ಅಪ್ಪ ಹುಟ್ಟಿದ ಮನೆಯ ಹೆಸರು, ಅವನ ಅಪ್ಪನ ಹೆಸರು, ಅವನ ಹೆಸರು. ಆಮೇಲೆ, ಮೊದಲ ಕೂಗಿಗೆ ಏಳುವವನಲ್ಲ ಎಂದು ನೆನಪಾಗಿ, ಇನ್ನೊಂದು ಸಲ ಓದಿದೆ. ಅವ್ವ ಎಲೆಯ ಮೂಲೆಗೆ ಒಂದು ಚಮಚ ಜೇನು ಹಾಕಿದಳು.

ಆ ವರ್ಷದಿಂದ ನಮ್ಮಲ್ಲಿ ಒಂದು ಎಲೆ ಹೆಚ್ಚು. ಮಾವ ಬದುಕಿದ್ದಷ್ಟು ವರ್ಷವೂ ಎಲ್ಲರ ಹೆಸರು ಅವನು ಕರೆದ, ಆ ಕಡೆಯದನ್ನು ನಾನು ಓದಿದೆ. ಕಾಗದ ನೋಡದೆಯೇ ಹೇಳಬಹುದಿತ್ತು, ನನಗೆ ಬಾಯಿಪಾಠ. ಆದರೂ ಪ್ರತಿ ಸಲ ಆ ಪತ್ರವನ್ನು ತಂದು, ಮಾವನ ಮುಖದೆದುರು ಹಿಡಿದೇ ಓದುತ್ತಿದ್ದೆ.